ಕಾದಾಗ ಮುಗ್ಗರಿಸುವ ಟ್ರ್ಯಾಕ್ಟರು

ಕೋಲಾರ ಜಿಲ್ಲೆಯ ಕೆಂಪು ನೆಲದಲ್ಲಿ ಮುಂಗಾರಿನ ಹದ ಬಹುಕಾಲ ನಿಲ್ಲುವುದಿಲ್ಲ. ಹದವಿರುವಾಗಲೇ ಉಳುಮೆ ಮುಗಿಯಬೇಕು. ಇಲ್ಲವಾದರೆ ರಾಗಿಯ ಬಿತ್ತನೆ ಮತ್ತೊಂದು ಮಳೆಗೆ ಕಾಯಬೇಕು. ಇಂತಹ ವೇಳೆಯಲ್ಲಿ ಕೋರಮಂಡಲಿಗೂ ಬಂಗಾರಪೇಟೆಗೂ ನಡುವಣ ಹೊಲವೊಂದರಲ್ಲಿ ಹಳೆಯ ಪೆಟ್ರೋಲ್ ಟ್ರ್ಯಾಕ್ಟರೊಂದು ಉಳುತ್ತಿದೆಯೆಂದು ಭಾವಿಸೋಣ. ಬೆಳಗ್ಗೆ ಅದು ಚೆನ್ನಾಗಿಯೇ ಹೊರಡುತ್ತದೆ. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ನಿಂತೇಬಿಡುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ನಡೆಯುತ್ತದೆ. ದೋಷವೆಲ್ಲಿದೆ?

ಇಂದು ನಮ್ಮ ಹೊಲಗಳಲ್ಲಿರುವ ಟ್ರ್ಯಾಕ್ಟರುಗಳು ಬಹುಮಟ್ಟಿಗೆ ಡೀಸೆಲಿನವು. ಅವುಗಳಲ್ಲಿ ಕಿಡಿಯ ಏರ್ಪಾಡೇ ಇಲ್ಲ. ಹಳೆಯ ಪೆಟ್ರೋಲ್ ಯಂತ್ರಗಳ ರೀತಿ ಬೇರೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರವರೆಗೆ ತಯಾರಾದ ಫರ್ಗ್ಯುಸನ್ ಟಿ.ಇ.-೨೦ ಅವುಗಳಲ್ಲಿ ಪ್ರಸಿದ್ಧವಾದುದು. ಆ ಮಾದರಿಯ ೫ ಲಕ್ಷಕ್ಕೂ ಹೆಚ್ಚು ಯಂತ್ರಗಳು ಹೊರಬಂದವು. ಅದರ ಪೆಟ್ರೋಲ್ ಬಗೆಯಲ್ಲಿ ಇಂಧನದ ಟ್ಯಾಂಕು ಎಂಜಿನಿನ ಮೇಲಿದ್ದು, ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಕಿಡಿಯನ್ನು ಕೊಡುವುದು ಬ್ಯಾಟರಿ ಮತ್ತು ಕಾಯ್ಲು. ಆದುದರಿಂದ ನಮ್ಮ ಮೊದಲ ಪ್ರಶ್ನೆ ಇದು: ನಿಂತ ಗಳಿಗೆಯಲ್ಲಿ ಕೊರತೆಯಾದುದು ಕಿಡಿಯೋ, ಇಂಧನವೋ?

ಕಾವೋ, ಕಾಲವೋ?

ಅದಕ್ಕೂ ಮೊದಲು ಒಂದು ಎಚ್ಚರಿಕೆ. "ಕಾದಾಗ ನಿಲ್ಲುತ್ತದೆ" ಎಂಬುದೂ "ಮುಕ್ಕಾಲು ಗಂಟೆ ನಡೆದ ಮೇಲೆ ನಿಲ್ಲುತ್ತದೆ" ಎಂಬುದೂ ಒಂದೇ ಅಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಧೂಳಿನಿಂದ ಮುಚ್ಚಿಹೋದರೆ, ಪೆಟ್ರೋಲು ಇಳಿದಂತೆಲ್ಲ ಒಳಗಿನ ಒತ್ತಡ ತಗ್ಗುತ್ತದೆ. ಪೆಟ್ರೋಲಿನ ಮಟ್ಟ ಕಾರ್ಬ್ಯುರೇಟರಿಗಿಂತ ೩೦ ಸೆಂಟಿಮೀಟರ್ ಎತ್ತರದಲ್ಲಿದೆಯೆನ್ನೋಣ. ಆ ಕಂಬದ ಒತ್ತಡ ವಾಯುಭಾರದ ಶೇಕಡಾ ೨-೩ರಷ್ಟು ಮಾತ್ರ. ಟ್ಯಾಂಕಿನೊಳಗಿನ ಒತ್ತಡ ಅಷ್ಟು ಇಳಿದರೆ ಸಾಕು, ಹರಿವು ನಿಂತುಹೋಗುತ್ತದೆ. ಬಿಟ್ಟಾಗ ಗಾಳಿ ಮೆಲ್ಲನೆ ಒಳಸೇರಿ ಯಂತ್ರ ಮತ್ತೆ ನಡೆಯುತ್ತದೆ. ನೋಡಿದವರು ಕಾವನ್ನು ದೂರುತ್ತಾರೆ!

ಪರೀಕ್ಷೆ ಸುಲಭ. ಯಂತ್ರ ನಿಂತೊಡನೆ ಮುಚ್ಚಳವನ್ನು ಸಡಿಲಿಸಿರಿ. ಬುಸ್ಸೆಂದು ಗಾಳಿ ಒಳನುಗ್ಗಿ, ಎಂಜಿನು ಇನ್ನೂ ಕಾದಿರುವಾಗಲೇ ಸ್ವಲ್ಪದರಲ್ಲಿ ಹೊರಟರೆ, ಕಾವು ನಿರಪರಾಧಿಯೆಂದು ತಿಳಿಯಬಹುದು.

ಕೊಳವೆಯೊಳಗಿನ ಆವಿ

ಕಾವಿನ ನಿಜವಾದ ಕೆಲಸಗಳಲ್ಲಿ ಮೊದಲನೆಯದು ಪೆಟ್ರೋಲನ್ನು ಕುದಿಸುವುದು. ಪೆಟ್ರೋಲು ಹಲವು ದ್ರವಗಳ ಮಿಶ್ರಣ. ಅದರ ಹಗುರ ಘಟಕಗಳು ೪೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಕೊಳವೆಯು ಬಿಸಿಹೊಗೆಯ ನಳಿಗೆಗೆ ಹತ್ತಿರವಾಗಿದ್ದರೆ ಆವಿಯ ಗುಳ್ಳೆಗಳು ದಾರಿಯನ್ನು ಕಟ್ಟುತ್ತವೆ. ಕೋಲಾರದ ಚಿನ್ನದ ಗಣಿಗಳ ಪ್ರದೇಶ ಸಮುದ್ರಮಟ್ಟದಿಂದ ಸುಮಾರು ೮೫೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಭಾರವು ಕಡಲತೀರದಲ್ಲಿರುವುದರ ಶೇಕಡಾ ೯೦ರಷ್ಟು. ನೀರು ಇಲ್ಲಿ ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುವಂತೆ, ಪೆಟ್ರೋಲೂ ತುಸು ಬೇಗ ಕುದಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು ತಾನಾಗಿ ೭೮ ಡಿಗ್ರಿಯಲ್ಲಿ ಕುದಿಯುವುದಾದರೂ, ಪೆಟ್ರೋಲಿನ ಕೆಲವು ಘಟಕಗಳೊಡನೆ ಕೂಡಿದಾಗ ಅದಕ್ಕಿಂತ ಕಡಮೆ ಉಷ್ಣತೆಯಲ್ಲೇ ಆವಿಯಾಗುತ್ತದೆ.

ಮುಚ್ಚಳ ತೆರೆದರೂ ಹೊರಡದ ಯಂತ್ರದ ಇಂಧನದ ಕೊಳವೆಗೆ ಮಾತ್ರ ಒದ್ದೆಬಟ್ಟೆ ಸುತ್ತಿ ನೋಡಬೇಕು. ಎರಡು ಮೂರು ನಿಮಿಷದಲ್ಲಿ ಅದು ಚೇತರಿಸಿಕೊಂಡರೆ ಆವಿಯೇ ಕಾರಣವೆಂಬ ಸಂದೇಹ ಬಲವಾಗುತ್ತದೆ. ಕಾದ ಎಂಜಿನಿನ ಮೇಲೆ ನೀರು ಸುರಿಯಕೂಡದು. ಎರಕದ ಲೋಹ ಬಿರಿಯಬಹುದು.

ಬಡವಾದ ಕಿಡಿ

ಎರಡನೆಯ ಕೆಲಸ ಕಾಯ್ಲಿನೊಳಗೆ ನಡೆಯುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ತಾಮ್ರದ ರೋಧ ಶೇಕಡಾ ೦.೩೯ರಷ್ಟು ಹೆಚ್ಚುತ್ತದೆ. ೨೦ ಡಿಗ್ರಿಯಲ್ಲಿ ೩ ಓಮ್ ಇರುವ ಸುರುಳಿ ೯೦ ಡಿಗ್ರಿಯಲ್ಲಿ ಸುಮಾರು ೩.೮ ಓಮ್ ಆಗುತ್ತದೆ. ೧೨ ವೋಲ್ಟಿನ ಬ್ಯಾಟರಿಯಿಂದ ಅದು ಪಡೆಯುವ ಪ್ರವಾಹ ೪ ಆಂಪಿಯರಿನಿಂದ ಸುಮಾರು ೩.೧ಕ್ಕೆ ಇಳಿಯುತ್ತದೆ. ಸುರುಳಿಯಲ್ಲಿ ಶೇಖರವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಉಳಿಯುವುದು ಐದರಲ್ಲಿ ಮೂರು ಪಾಲು. ಒಳ್ಳೆಯ ಕಾಯ್ಲು ಈ ನಷ್ಟವನ್ನು ತಾಳಿಕೊಳ್ಳುತ್ತದೆ. ಆದರೆ ಹೊದಿಕೆ ಹಳತಾಗಿ ಸುತ್ತುಗಳ ನಡುವೆ ಪ್ರವಾಹ ಸೋರುತ್ತಿದ್ದರೆ ಕಿಡಿ ಸಾಲದು. ಜೊತೆಯಲ್ಲಿರುವ ಕಂಡೆನ್ಸರೂ ಹೀಗೆಯೇ: ತಣ್ಣಗಿರುವಾಗ ಸರಿಯಿದ್ದು, ಕಾದಾಗ ಸೋರಬಹುದು.

ಆದ್ದರಿಂದ ತಣ್ಣಗಿನ ಯಂತ್ರವನ್ನು ಪರೀಕ್ಷಿಸಿ "ಕಿಡಿ ಚೆನ್ನಾಗಿದೆ" ಎನ್ನುವುದು ವ್ಯರ್ಥ. ಹೊಲದಲ್ಲಿ ನಿಂತ ಗಳಿಗೆಯಲ್ಲೇ, ಪೆಟ್ರೋಲು ಚೆಲ್ಲದಂತೆ, ಬಿಡಿ ಪ್ಲಗ್ಗೊಂದನ್ನು ತಂತಿಗೆ ಸೇರಿಸಿ ಅದರ ಮೈಯನ್ನು ಎಂಜಿನಿನ ಲೋಹಕ್ಕೆ ಬಿಗಿದು ನೋಡಬೇಕು, ಕೈಯಲ್ಲಿ ಹಿಡಿಯಬಾರದು. ನೀಲಿಯಾದ ದಪ್ಪ ಕಿಡಿ ಸಿಡಿದರೆ ಗಮನವನ್ನು ಇಂಧನದ ಕಡೆಗೆ ತಿರುಗಿಸಬಹುದು. ಕೆಂಪಾಗಿ ತೆಳ್ಳಗಿದ್ದರೆ, ಅಥವಾ ಇಲ್ಲವೇ ಇಲ್ಲವಾದರೆ, ಮೊದಲು ಅಗ್ಗವಾದ ಕಂಡೆನ್ಸರನ್ನು ಬದಲಿಸಿ ನೋಡಿ, ಆಮೇಲೆ ಕಾಯ್ಲಿನ ವಿಚಾರ ಮಾಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ನಡೆದೀತು. ಕೆಟ್ಟದ್ದು ಯಾವುದೆಂದು ತಿಳಿಯಲಾರದು, ಹಣವೂ ಹೆಚ್ಚು ಖರ್ಚಾಗುತ್ತದೆ.

ವಿದ್ಯಾರ್ಥಿಗಳು ಇದರಲ್ಲಿ ಒಂದು ಭಾಗವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲೇ ಮಾಡಿ ನೋಡಬಹುದು. ಹಳೆಯ ಕಾಯ್ಲೊಂದನ್ನು ಸಂಪಾದಿಸಿ, ಅದರ ರೋಧವನ್ನು ವೀಟ್‌ಸ್ಟನ್ ಸೇತುವೆಯಿಂದ ತಣ್ಣಗಿರುವಾಗ ಅಳೆಯಿರಿ. ಬಳಿಕ ಬಿಸಿಲಿನಲ್ಲಿ ಒಂದೆರಡು ಗಂಟೆ ಇಟ್ಟು ಮತ್ತೆ ಅಳೆಯಿರಿ. ಪಠ್ಯಪುಸ್ತಕದ ೦.೩೯ ಎಂಬ ಅಂಕಿಗೆ ನಿಮ್ಮ ಉತ್ತರ ಎಷ್ಟು ಹತ್ತಿರ ಬರುತ್ತದೆಂಬುದನ್ನು ಲೆಕ್ಕಹಾಕಿ ನೋಡಿರಿ.