ಆರ್‌ಸಿಸಿ ಕಟ್ಟಡಕ್ಕೆ ಭೂಕಂಪದ ಭಯವಿಲ್ಲವೇ?

“ಆರ್‌ಸಿಸಿ ಕಟ್ಟಡ, ಇಷ್ಟು ವರ್ಷದಲ್ಲಿ ಒಂದು ಬಿರುಕೂ ಬಿಟ್ಟಿಲ್ಲ. ಭೂಕಂಪ ಏನು ಮಾಡೀತು?”

ಬಿರುಕಿಲ್ಲವೆಂದರೆ ಕಟ್ಟಡ ತನ್ನ ಭಾರ ಹೊತ್ತು ನಿಂತಿದೆ ಎಂದಷ್ಟೇ ಅರ್ಥ. ಭೂಕಂಪ ಅದನ್ನು ಅಡ್ಡಡ್ಡ ಅಲುಗಾಡಿಸುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದ ಕೇಂದ್ರ ಅಹಮದಾಬಾದಿನಿಂದ 200 ಕಿ.ಮೀ.ಗೂ ಹೆಚ್ಚು ದೂರದಲ್ಲಿತ್ತು. ಆದರೂ ಅಲ್ಲಿ ಹತ್ತಾರು ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು ಕುಸಿದವು. ಬಿದ್ದವುಗಳಲ್ಲಿ ಬಹಳಷ್ಟಕ್ಕೆ ನೆಲಮಹಡಿಯಲ್ಲಿ ಗೋಡೆಗಳೇ ಇರಲಿಲ್ಲ; ಕಾರು ನಿಲ್ಲಿಸಲೆಂದು ಬಿಟ್ಟ ಬರೀ ಕಂಬಗಳು. ಮೇಲಿನ ಮಹಡಿಗಳು ಇಟ್ಟಿಗೆ ಗೋಡೆಗಳಿಂದ ಬಿಗಿಯಾಗಿದ್ದವು, ಓಲಾಟವೆಲ್ಲ ಕೆಳಗಿನ ಕಂಬಗಳ ಪಾಲಿಗೆ ಬಂತು.

“ಕಬ್ಬಿಣವನ್ನು ಧಾರಾಳವಾಗಿ ಹಾಕಿಸಿದ್ದೇವೆ” ಎನ್ನುವವರು ರಿಂಗುಗಳ ವಿಷಯ ಎತ್ತುವುದಿಲ್ಲ. ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವುದು ಅವೇ. ಹಳೆಯ ಕಟ್ಟಡಗಳಲ್ಲಿ ಅವು ಸಾಮಾನ್ಯವಾಗಿ ದೂರ ದೂರ ಇರುತ್ತವೆ, ತುದಿಗಳನ್ನು 90 ಡಿಗ್ರಿಗೆ ಮಡಚಿ ಬಿಟ್ಟಿರುತ್ತಾರೆ. ಕಂಬ ತೊನೆದಾಗ ಹೊರಗಿನ ಕಾಂಕ್ರೀಟ್ ಉದುರಿ ರಿಂಗು ಬಾಯಿ ಬಿಡುತ್ತದೆ, ಕಂಬಿಗಳು ಹೊರಕ್ಕೆ ಬಾಗುತ್ತವೆ, ನಡುವಿನ ಕಾಂಕ್ರೀಟ್ ಪುಡಿಯಾಗುತ್ತದೆ. ತುದಿಯನ್ನು 135 ಡಿಗ್ರಿಗೆ ಮಡಚಿ ಒಳಕ್ಕೆ ತೂರಿಸಬೇಕೆಂದು ಭಾರತೀಯ ಮಾನಕ ಐಎಸ್ 13920 ಹೇಳಿದ್ದು 1993ರಲ್ಲಿ. ಇವತ್ತೂ ಎಷ್ಟೋ ಸೈಟುಗಳಲ್ಲಿ ಹಳೆಯ ರೂಢಿಯೇ ನಡೆದಿದೆ, ಅದು ಬೇರೆ ಮಾತು.

ಹಾಗೆಂದು ಕೆಡವುವುದೊಂದೇ ದಾರಿಯಲ್ಲ. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ಬಲಪಡಿಸುವ ಕ್ರಮವನ್ನು ಐಎಸ್ 15988 (2013) ವಿವರಿಸುತ್ತದೆ. ಪಾರ್ಕಿಂಗಿನ ಕೆಲವು ಕಂಬಗಳ ನಡುವೆ, ಸ್ವಂತ ಪಾಯವಿರುವ ಕಾಂಕ್ರೀಟ್ ಗೋಡೆ ಎಬ್ಬಿಸಬಹುದು. ಅದನ್ನು ಎರಡೂ ದಿಕ್ಕಿಗೆ ಸಮತೋಲವಾಗಿ ಹಂಚಬೇಕು. ಒಂದೇ ಮೂಲೆಗೆ ಕಟ್ಟಿದರೆ ಕಟ್ಟಡ ತಿರುಚಿಕೊಳ್ಳುತ್ತದೆ. ಕಂಬಗಳಿಗೆ ಹೊಸ ಕಂಬಿ, ಹತ್ತಿರ ಹತ್ತಿರದ ರಿಂಗು, ಕಾಂಕ್ರೀಟಿನ ಜಾಕೆಟ್ ಹಾಕುವುದು ಇನ್ನೊಂದು ಕ್ರಮ.

ಇಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ: ದಪ್ಪ ಮಾಡಿದರೆ ಸಾಕು ಎಂಬುದು. ಜಾಕೆಟ್ಟಿನ ಕಂಬಿಗಳನ್ನು ಪಾಯದಲ್ಲಿ ನೆಡದೆ, ಸ್ಲ್ಯಾಬಿಗೆ ತೂತು ಕೊರೆದು ಮೇಲಕ್ಕೆ ಒಯ್ಯದೆ ಹೋದರೆ, ಕಂಬ ಮುರಿಯುವ ಎರಡು ತುದಿಗಳಿಗೇ ಅದರ ಬಲ ಸಿಗುವುದಿಲ್ಲ. ಕಂಬವನ್ನು ಬಿಟ್ಟು ಬೀಮನ್ನಷ್ಟೇ ದಪ್ಪ ಮಾಡಿಸುವುದಂತೂ ದುಡ್ಡು ಕೊಟ್ಟು ಅಪಾಯ ತಂದುಕೊಂಡಂತೆ. ಬೀಮು ಮೊದಲು ಸೋತರೆ ಕಟ್ಟಡ ಜಖಂ ಆದರೂ ನಿಂತೀತು. ಕಂಬವೇ ಮೊದಲು ಸೋತರೆ ಮಹಡಿಯೇ ಕೂತುಬಿಡುತ್ತದೆ.

“ನಮ್ಮ ಕಡೆ ಭೂಕಂಪ ಎಲ್ಲಿ?” ಎನ್ನುವವರಿಗೆ ಗಡಿಯಾಚೆಯ ಕಿಲ್ಲಾರಿಯ ಹೆಸರು ಹೇಳಬಹುದು. 1993ರ ಸೆಪ್ಟೆಂಬರ್ 30ರಂದು ಅಲ್ಲಿ ಭೂಕಂಪವಾದಾಗ, ದೇಶದ ಭೂಕಂಪ ವಲಯಗಳ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ನಕ್ಷೆಯಲ್ಲಿ ಆ ವಲಯವನ್ನೇ ತೆಗೆದುಹಾಕಿದರು.