ದುರ್ಗದ ಏರು, ಬ್ರೇಕಿನ ಬಿಸಿ

ಭೋಗನರಸಿಂಹನ ಗುಡಿ ದಾಟಿದ ಮೇಲೆ ಮಾತು ನಿಲ್ಲುತ್ತದೆ. ಅಲ್ಲಿಯವರೆಗೆ ಹರಟುತ್ತ ಬಂದ ಸೈಕಲ್ ಗುಂಪಿನಲ್ಲಿ ಈಗ ಕೇಳುವುದು ಏದುಸಿರು, ಚೈನು ಒಂದು ಗೇರಿನಿಂದ ಇನ್ನೊಂದಕ್ಕೆ ಹಾರುವ ಕಟಕ್ ಸದ್ದು, ಅಷ್ಟೇ. ಮೂಗಿನ ತುದಿಯಿಂದ ಬೆವರು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಮುಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತದೆ. ಬಂಡೆಯ ಮೇಲೆ ಕುಳಿತ ಕೋತಿಗಳು ಇದನ್ನೆಲ್ಲ ನೋಡುತ್ತಿರುತ್ತವೆ. ಅವುಗಳ ಕಣ್ಣೆಲ್ಲ ಸವಾರರ ಬೆನ್ನ ಜೇಬಿನಲ್ಲಿರುವ ಬಾಳೆಹಣ್ಣಿನ ಮೇಲೆ.

ತುಮಕೂರಿನ ಹಿರಿಯರ ಬಾಯಲ್ಲಿ ಇದು ದುರ್ಗ, ಹುಡುಗರ ಬಾಯಲ್ಲಿ ಡಿ.ಡಿ. ಹಿಲ್ಸ್. ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಸೈಕಲ್ ಮಂದಿಗೆ ನಂದಿಬೆಟ್ಟ ಹೇಗೋ ತುಮಕೂರಿನವರಿಗೆ ಇದು ಹಾಗೆ. ಆದರೆ ನಂದಿಯ ಏರು ಶುರುವಾದರೆ ಮುಗಿಯುವವರೆಗೆ ಏರೇ. ದುರ್ಗ ಸ್ವಲ್ಪ ಕಿಲಾಡಿ. ದಾರಿಯಲ್ಲಿ ಸಿಗುವ ನಾಮದ ಚಿಲುಮೆಯ ನೆರಳಿನಲ್ಲಿ ಸಲೀಸಾಗಿ ಬಿಟ್ಟುಕೊಂಡು, ಊರು ಸಿಕ್ಕಿ ಇನ್ನೇನು ಬಂದೆವು ಎನ್ನಿಸಿ, ಮೇಲಿನ ಯೋಗನರಸಿಂಹನ ಗುಡಿಯ ಕಡೆಗೆ ತಿರುಗುವಾಗ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ.

ಈ ಇಳಿಜಾರಿನ ಗುಣ ಹಳಬರಿಗೂ ಗೊತ್ತಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಬೆಟ್ಟಕ್ಕೆ ಅವರ ಹೆಸರು ಬಂತು. ಅದಕ್ಕೂ ಮೊದಲು ಪಾಳೆಯಗಾರನೊಬ್ಬನಿಂದಾಗಿ ಅದು ಜಡಕನದುರ್ಗ. ಇನ್ನೂ ಹಿಂದಿನ ಹೆಸರು ಆನೆಬಿದ್ದಸರಿ. ಆನೆಯೊಂದು ಇಲ್ಲಿ ಜಾರಿ ಬಿದ್ದಿತ್ತಂತೆ. ನಾಲ್ಕು ಕಾಲಿನ ಪ್ರಾಣಿಯೇ ಜಾರಿದ ಕಡೆ ಎರಡು ಚಕ್ರ ಕಟ್ಟಿಕೊಂಡು ಹೊರಟವರ ಧೈರ್ಯವನ್ನು ಮೆಚ್ಚಬೇಕೋ, ಮರುಗಬೇಕೋ!

ಸೈಕಲ್ ಈ ಸೀಮೆಗೆ ಹೊಸದಲ್ಲ. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು, ಹ್ಯಾಂಡಲ್‌ನ ಎರಡೂ ಕಡೆ ತೆಂಗಿನಕಾಯಿ ಗೊನೆ, ಸೀಟು ಎಟುಕದ ಹುಡುಗರ ಒಳಪೆಡಲ್ ಸವಾರಿ, ಇವನ್ನೆಲ್ಲ ಗುಬ್ಬಿ, ಕುಣಿಗಲ್ ಕಡೆಯ ರಸ್ತೆಗಳು ತಲೆಮಾರುಗಳಿಂದ ಕಂಡಿವೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲಂತೂ ಹೈಸ್ಕೂಲಿನ ಗೋಡೆಗಳಿಗೆ ಸಾಲುಸಾಲು ಸೈಕಲ್ ಒರಗಿದವು. ಆದರೆ ಆ ಸೈಕಲ್ಲುಗಳು ಬೆಟ್ಟ ಹತ್ತುವ ಜಾತಿಯವಲ್ಲ. ಗೇರಿಲ್ಲದ ಹಳೆಯ ಕರಿ ಸೈಕಲ್ಲಿನ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಅದು ಲಾಭ, ಏರಿನಲ್ಲಿ ತೊಡೆಗೆ ಶಿಕ್ಷೆ. ಹಾಗಾಗಿಯೇ ಸಣ್ಣ ದಿಬ್ಬ ಬಂದರೂ ಅಜ್ಜಂದಿರು ಇಳಿದು ತಳ್ಳುತ್ತಿದ್ದರು. ಈಗಿನ ಬೆಟ್ಟದ ಸೈಕಲ್ಲಿನಲ್ಲಿ ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ಗೇರು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸಿಗುವುದು ಒಂದೂವರೆ ಮೀಟರಿಗೂ ಕಡಿಮೆ. ನಡೆಯುವವನಷ್ಟೇ ನಿಧಾನ, ಆದರೆ ಇಳಿದು ತಳ್ಳಬೇಕಿಲ್ಲ. ಪಕ್ಕದಲ್ಲಿ ನಡೆದು ಹೋಗುವ ಭಕ್ತರು ಹಿಂದಿಕ್ಕಿದರೆ ಬೇಜಾರಾಗಬಾರದು, ಅಷ್ಟೇ.

ಹತ್ತುವುದು ಕಾಲಿನ ಕೆಲಸ. ಇಳಿಯುವುದು ಬೆರಳಿನ ಕೆಲಸ.

ಬೆಟ್ಟದ ಸೈಕಲ್ಲಿನ ಆಟ ಹುಟ್ಟಿದ್ದೂ ಇಳಿಜಾರಿನಲ್ಲೇ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು 1930ರ ದಶಕದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು, ಕಾಡಿನ ಬೆಂಕಿ ಆರಿಸಲು ಮಾಡಿದ್ದ ಮಣ್ಣುರಸ್ತೆಯಲ್ಲಿ ಉರುಳಿಬಿಡುತ್ತಿದ್ದರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಆ ದಾರಿಗೆ ‘ರಿಪ್ಯಾಕ್’ ಎಂದು ಹೆಸರು. ಕಾರಣ ತಮಾಷೆಯಾಗಿದೆ. ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಹಬ್ಬಿನೊಳಗೆ ಇರುತ್ತಿತ್ತು; ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುತ್ತಿತ್ತು. ಒಂದು ಸಲ ಬೆಟ್ಟ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಹಬ್ಬು ಬಿಚ್ಚಿ, ಹೊಸ ಗ್ರೀಸು ತುಂಬಿಯೇ ಇನ್ನೊಂದು ಸುತ್ತು. ಮರುವರ್ಷ ಅದೇ ಗುಂಪಿನ ಜೋ ಬ್ರೀಜ್ ಬೆಟ್ಟಕ್ಕೆಂದೇ ಫ್ರೇಮು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಅಂಗಡಿಯನ್ನೇ ತೆರೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಗುಜರಿ ಸೈಕಲ್ಲಿನ ಆಟಕ್ಕೆ ಪದಕವೂ ಬಂತು.

ಗ್ರೀಸು ಸುಟ್ಟ ಲೆಕ್ಕವನ್ನು ದುರ್ಗಕ್ಕೂ ಹಾಕಬಹುದು. ಸವಾರ, ಸೈಕಲ್ ಸೇರಿ 80 ಕಿಲೋ ಎಂದುಕೊಳ್ಳೋಣ. 300 ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಮುಕ್ಕಾಲು ಲೀಟರಿನ ಹತ್ತಿರ ನೀರು ಕುದಿಸಲು ಸಾಕು. ಒಂದಷ್ಟು ಗಾಳಿಯ ಪಾಲಾಗುತ್ತದೆ. ಉಳಿದದ್ದನ್ನು ನುಂಗಬೇಕಾದದ್ದು ಬ್ರೇಕಿನ ಅಂಗೈ ಅಗಲದ ಎರಡು ಉಕ್ಕಿನ ಬಿಲ್ಲೆಗಳು. ಭಯದಿಂದ ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಬಂದರೆ ಅವಕ್ಕೆ ಆರಲು ಪುರಸೊತ್ತೇ ಸಿಗುವುದಿಲ್ಲ. ಸುಟ್ಟ ವಾಸನೆ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಪಳಗಿದವರು ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಬಿಡುತ್ತಾರೆ. ಸೊಂಟವನ್ನು ಸೀಟಿನಿಂದ ಎತ್ತಿ ಹಿಂದಕ್ಕೆ ಹಾಕಿ, ಮೊಣಕೈ ಮಡಿಸಿ, ಕಣ್ಣನ್ನು ಮುಂದಿನ ಚಕ್ರದ ಮೇಲಲ್ಲ, ಹತ್ತು ಮಾರು ಆಚೆಗೆ ಇಡುತ್ತಾರೆ. ಕಲ್ಲನ್ನೇ ದಿಟ್ಟಿಸಿದರೆ ಚಕ್ರವೂ ಅಲ್ಲಿಗೇ ಹೋಗುತ್ತದೆ.

ಹಿಂದಿನ ಚಕ್ರ ಕಚ್ಚಿ ಹಿಡಿಸಿ ಧೂಳೆಬ್ಬಿಸಿ ಜಾರಿಸುವುದು ಹೊಸ ಹುಡುಗರಿಗೆ ಶೋಕಿ. ವೀಡಿಯೊದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಆದರೆ ಸಡಿಲ ಗರಸುಮಣ್ಣಿನ ಮೇಲೆ ಆ ಒಂದು ಜಾರಿಕೆ ಬೆರಳಗಲದ ಗೀರು ಬಿಡುತ್ತದೆ. ಮಳೆ ಬಂದರೆ ನೀರು ಆ ಗೀರನ್ನೇ ದಾರಿ ಮಾಡಿಕೊಂಡು ಹರಿಯುತ್ತದೆ. ಎರಡು ಮಳೆಗಾಲದಲ್ಲಿ ಅದು ಕೊರಕಲು. ಇಲ್ಲಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಸಣ್ಣ ಮಾತಲ್ಲ. ಜಯಮಂಗಲಿ ಹುಟ್ಟುವುದು ಈ ಗುಡ್ಡಗಳಲ್ಲಿ. ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ಹುಟ್ಟುವುದೂ ಇಲ್ಲೇ. ಅದು ಗುಬ್ಬಿ ತಾಲ್ಲೂಕಿನ ಕಡಬ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಕೊನೆಗೆ ಕಾವೇರಿಗೆ ಇಳಿಯುತ್ತದೆ. ದುರ್ಗದ ನೆತ್ತಿಯ ಮೇಲೆ ಬಾಟಲಿಯ ನೀರು ಕುಡಿಯುವ ಸವಾರನ ಎಡಬಲದ ಇಳಿಜಾರುಗಳು ಎರಡು ನದಿ ಕುಟುಂಬಕ್ಕೆ ಸೇರಿದವು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಬೆಟ್ಟದ ಸುತ್ತಲಿನದು ರಾಜ್ಯ ಅರಣ್ಯ. ಡಾಂಬರು ಬಿಟ್ಟು ಕಾಡಿನ ಕಾಲುದಾರಿಗೆ ಇಳಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬಂದು, ಫೋನಿನ ನಕ್ಷೆಯಲ್ಲಿ ಗೆರೆ ಕಂಡಿತು ಎಂದು ನುಗ್ಗುವವರಿಗೆ ಇದು ತಲೆಗೆ ಹೋಗುವುದಿಲ್ಲ. ಇಲ್ಲಿ ಕರಡಿ ಇದೆ, ಚಿರತೆ ಇದೆ. ಬಂಡೆಗುಡ್ಡಗಳನ್ನಷ್ಟೇ ನೆಚ್ಚಿಕೊಂಡ, ಬೇರೆಡೆ ಅಪರೂಪವಾದ ಹಳದಿ ಕತ್ತಿನ ಪಿಕಳಾರ ಹಕ್ಕಿಯನ್ನು ಹುಡುಕಿಕೊಂಡು ದೂರದೂರದ ಪಕ್ಷಿವೀಕ್ಷಕರು ಬರುತ್ತಾರೆ. ಚಿರತೆಯ ಮಾತು ಹೆದರಿಸುವುದಕ್ಕಲ್ಲ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಗಡಿಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಪುಟ್ಟ ಮಕ್ಕಳೂ ಸೇರಿ ಹಲವರು ಜೀವ ಕಳೆದುಕೊಂಡರು. ಹೊಲಕ್ಕೆ ದನ ಹೊಡೆದುಕೊಂಡು ಹೋಗುವವರೇ ಸಂಜೆಗೆ ಮುಂಚೆ ಮನೆ ಸೇರುವ ಸೀಮೆಯಲ್ಲಿ, ಬೆಳಗಿನ ಐದಕ್ಕೆ ಒಬ್ಬನೇ ತಲೆಗೊಂದು ಲೈಟು ಕಟ್ಟಿಕೊಂಡು ಪೊದೆಗಳ ನಡುವೆ ಹೊರಡುವುದಕ್ಕೆ ಸಾಹಸ ಎನ್ನಲಾಗದು. ಬೆಳಕು ಹರಿಯಲಿ, ಜೊತೆಗೆ ನಾಲ್ಕು ಜನ ಇರಲಿ.

ಏರು ಬೇಡ ಎನ್ನುವವರಿಗೆ ಗುಬ್ಬಿ ಕಡೆ ಹೇಮಾವತಿ ನಾಲೆಯ ಏರಿ, ಅಡಿಕೆ ತೋಟಗಳ ನಡುವಿನ ಬಂಡಿಜಾಡು ಇವೆ. ಕುಣಿಗಲ್‌ನಲ್ಲಿ ಜನಪದ ಹಾಡಿಗೆ ಸೇರಿಹೋದ ದೊಡ್ಡ ಕೆರೆಯ ಏರಿ ಇದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದ ಊರಿನಲ್ಲಿ ಕಬ್ಬಿಣದ ಕುದುರೆಗೆ ಜಾಗವಿಲ್ಲದೆ ಇದ್ದೀತೇ? ಹುಲಿಯೂರುದುರ್ಗದ ಬೋಳುಬಂಡೆ ಮಾತ್ರ ನಡಿಗೆಯವರಿಗೇ ಇರಲಿ. ಈ ಬಯಲು ದಾರಿಗಳಲ್ಲಿ ಶತ್ರು ಇಳಿಜಾರಲ್ಲ, ಜಾಲಿಮುಳ್ಳು. ಕೆರೆ ಏರಿಯ ಮೇಲೆ ಬಳ್ಳಾರಿ ಜಾಲಿಯ ಒಣಗಿದ ಕೊಂಬೆಯೊಂದು ಬಿದ್ದಿದ್ದರೆ ಎಂಥ ದುಬಾರಿ ಟೈರೂ ಉಸ್ಸೆನ್ನುತ್ತದೆ. ಟ್ಯೂಬಿಲ್ಲದ ಟೈರಿನೊಳಗೆ ಅಂಟುದ್ರವ ಹಾಕಿಸಿಕೊಂಡವರು ಮುಳ್ಳು ಕಿತ್ತು, ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ ಹೊರಡುತ್ತಾರೆ. ಉಳಿದವರು ಪಂಕ್ಚರ್ ಅಂಗಡಿ ಹುಡುಕಬೇಕು, ಅಲ್ಲಿ ನೀರಿನ ಬಾಂಡಲಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಏಳುವುದನ್ನು ಕಾಯಬೇಕು.

ದುರ್ಗದಿಂದ ಇಳಿದವರು ನಾಮದ ಚಿಲುಮೆಯಲ್ಲಿ ನಿಲ್ಲುತ್ತಾರೆ. ಹಣೆಗೆ ನಾಮ ತೀಡಲು ನೀರು ಸಿಗದೆ ರಾಮ ಬಾಣ ಬಿಟ್ಟನಂತೆ; ಬಂಡೆಯಲ್ಲಿ ಒಂದು ಸಣ್ಣ ಗುಂಡಿ, ಅದರಲ್ಲಿ ಬತ್ತದ ನೀರು. ಅಲ್ಲಿಂದ ಮುಂದಿನ ಯೋಜನೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಅದರ ಮೇಲೆ ಬೆಣ್ಣೆ. ಹೊಸಬನೊಬ್ಬ ಬಾಟಲಿ ಬಿಚ್ಚಿ, ಮುಟ್ಟಿದರೆ ಬೊಬ್ಬೆ ಬರುವಷ್ಟು ಕಾದ ಬ್ರೇಕಿನ ಬಿಲ್ಲೆಯ ಮೇಲೆ ನೀರು ಸುರಿಯಲು ಹೋಗುತ್ತಾನೆ. ಪಕ್ಕದವನು ಕೈ ಹಿಡಿಯುತ್ತಾನೆ. ಕಾದ ಉಕ್ಕಿಗೆ ತಣ್ಣೀರು ಬಿದ್ದರೆ ಬಿಲ್ಲೆ ಸೊಟ್ಟಗಾಗಬಹುದು.

“ಬಿಡಪ್ಪಾ, ತಾನಾಗೇ ಆರಲಿ. ಇಡ್ಲಿ ಎಲ್ಲಿಗೂ ಓಡಿಹೋಗಲ್ಲ.”