ಕಾದ ಕಬ್ಬಿಣಕ್ಕೆ ರೂಪವೀಯುವ ವಿದ್ಯೆ

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯು ಒಕ್ಕಲುತನವನ್ನೇ ಮುಖ್ಯವಾಗಿ ನೆಚ್ಚಿದ ದೊಡ್ಡ ಊರು. ಬೇಸಗೆಯಲ್ಲಿ ಬಿರಿದು ಗಟ್ಟಿಗೊಳ್ಳುವ, ಮಳೆ ಬಿದ್ದೊಡನೆ ಕಾಲಿಗೆ ಅಂಟುವ ಎರೆಭೂಮಿಯನ್ನು ಉತ್ತು ಹರಗಲು ಕಬ್ಬಿಣದ ಮೊನೆ ಬೇಕೇ ಬೇಕು. ಆದುದರಿಂದಲೇ ಈ ಸೀಮೆಯ ಊರುಗಳಲ್ಲಿ ಕಂಬಾರನಿಗೆ ಆಯಗಾರರ ಸಾಲಿನಲ್ಲಿ ಗೌರವದ ಸ್ಥಾನವಿದ್ದಿತು. ರೋಹಿಣಿ ಮಳೆಗೆ ಮುನ್ನ ರಂಟೆಯ ಕುಳವನ್ನೂ ಕುಂಟೆಯ ಕುಡವನ್ನೂ ಹಣಿಸಿಕೊಳ್ಳಲು ಒಕ್ಕಲಿಗರು ಕಂಬಾರಸಾಲೆಯ ಮುಂದೆ ನೆರೆಯುತ್ತಿದ್ದರು; ಅದರ ಪ್ರತಿಫಲವು ಸುಗ್ಗಿಯ ಕಣದಲ್ಲಿ ಕಾಳಿನ ರೂಪದಿಂದ ಸಲ್ಲುತ್ತಿದ್ದಿತು. ಟ್ರ್ಯಾಕ್ಟರೂ ಸಿದ್ಧ ಉಪಕರಣಗಳೂ ಬಂದ ಮೇಲೆ ಆ ಅವಲಂಬನವು ಕ್ಷೀಣಿಸಿತಾದರೂ, ಒಂದು ಕಾಲಕ್ಕೆ ಕುಲಪರಂಪರೆಯ ಸೊತ್ತಾಗಿದ್ದ ಈ ವಿದ್ಯೆಯನ್ನು ಇಂದು ಆಸಕ್ತಿಯುಳ್ಳ ಯಾವಾತನೇ ಆಗಲಿ, ಯಾವಾಕೆಯೇ ಆಗಲಿ, ಮನೆಯ ಹಿತ್ತಲಿನ ಒಂದು ಮೂಲೆಯಲ್ಲಿ ಅಭ್ಯಾಸಮಾಡಲು ಅವಕಾಶವಿದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಅವಿಭಕ್ತ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಹಾವೇರಿ ಜಿಲ್ಲೆಯಲ್ಲಿರುವ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಿಂದ, ಕ್ರಿಸ್ತಪೂರ್ವ 1000ದ ಸುಮಾರಿಗೇ ಅಲ್ಲಿ ಕಬ್ಬಿಣದ ಬಳಕೆಯಿದ್ದಿತೆಂಬುದು ಬೆಳಕಿಗೆ ಬಂದಿತು. ಈಚಿನ ಕಾಲಕ್ಕೆ ಬಂದರೆ, 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯೊಂದರಿಂದ ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲುಗಳನ್ನು ಮಾಡಿದಾಗ, ಕಬ್ಬಿಣವು ಭೂಮಿಗೆ ವಿಷವಾದೀತೆಂದು ಒಕ್ಕಲಿಗರು ಮೊದಮೊದಲು ಅಂಜಿದರಂತೆ. ಆ ಅಂಜಿಕೆಯನ್ನು ಜಯಿಸಿದ ಉದ್ಯಮವೇ 1910ರಲ್ಲಿ ಕಿರ್ಲೋಸ್ಕರವಾಡಿಯಾಗಿ ನೆಲೆಗೊಂಡಿತು.

ಹೊಸದಾಗಿ ಕಲಿಯುವವನಿಗೆ ಬೇಕಾದ ಸಾಮಗ್ರಿ ಅಲ್ಪವೇ ಸರಿ. ಇದ್ದಿಲು ತುಂಬಿದ ಒಂದು ಸಣ್ಣ ಕುಲುಮೆ, ಅದಕ್ಕೆ ತಿದಿ ಅಥವಾ ಕೈಯಿಂದ ತಿರುಗಿಸುವ ಗಾಳಿಯಂತ್ರ, ಸುಮಾರು ಒಂದು ಕಿಲೋ ತೂಕದ ಸುತ್ತಿಗೆ, ಒಂದು ಇಕ್ಕಳ, ಅಡಿಗಲ್ಲಿನ ಬದಲಿಗೆ ಗಟ್ಟಿಯಾದ ಮರದ ದಿಮ್ಮಿಗೆ ಬಿಗಿದ ಹಳೆಯ ರೈಲುಕಂಬಿಯ ತುಂಡು: ಇಷ್ಟಿದ್ದರೆ ಸಾಕು. ಕಂಬಾರಸಾಲೆಯು ಮಬ್ಬುಗತ್ತಲೆಯಿಂದ ಕೂಡಿರುವುದಕ್ಕೆ ಕಾರಣವನ್ನು ಮಾತ್ರ ಕಲಿಯುವವನು ಮೊದಲೇ ಅರಿಯತಕ್ಕದ್ದು. ಕಬ್ಬಿಣದ ಕಾವನ್ನು ಅದರ ಬಣ್ಣದಿಂದ ತಿಳಿಯಬೇಕಾಗಿದ್ದು, ಬಿಸಿಲಿನಲ್ಲಿ ಆ ಬಣ್ಣವು ಕಣ್ಣಿಗೆ ಮೋಸಮಾಡುತ್ತದೆ. ಮಂಕಾದ ಕೆಂಪು ಸುಮಾರು 700 ಡಿಗ್ರಿ ಸೆಲ್ಸಿಯಸ್ ಕಾವನ್ನೂ, ಕಿತ್ತಳೆಯ ಬಣ್ಣ 900ರಿಂದ 1000 ಡಿಗ್ರಿಯನ್ನೂ, ಹಳದಿ 1100 ಡಿಗ್ರಿಯನ್ನು ಮೀರಿದ ಕಾವನ್ನೂ ಸೂಚಿಸುತ್ತದೆ. ಕಿತ್ತಳೆಯಿಂದ ಹಳದಿಯವರೆಗಿನ ಕಾವಿನಲ್ಲಿ ಕಬ್ಬಿಣವು ಸುತ್ತಿಗೆಗೆ ಸುಲಭವಾಗಿ ಮಣಿಯುತ್ತದೆ; ಕೆಂಪು ಆರಿದ ಮೇಲೂ ಬಡಿಯುತ್ತ ಹೋದರೆ ಬಿರಿಯಬಹುದು; ಬಿಳುಪೇರಿ ಕಿಡಿ ಚಿಮ್ಮಿದರೆ ಸುಟ್ಟು ಕೆಟ್ಟಿತೆಂದೇ ತಿಳಿಯಬೇಕು. ಹೀಗೆ ಈ ವಿದ್ಯೆಯಲ್ಲಿ ತೋಳಿನ ಬಲಕ್ಕಿಂತಲೂ ಕಣ್ಣಿನ ವಿವೇಕವು ಮಿಗಿಲಾದುದು.

ಬಡಿದ ಕಬ್ಬಿಣವು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆಯೇ ಹೊರತು ಕುಗ್ಗಿ ಇಲ್ಲವಾಗುವುದಿಲ್ಲ ಎಂಬುದು ಎರಡನೆಯ ಪಾಠ. 10 ಮಿಲಿಮೀಟರ್ ಚೌಕದ ಸರಳಿನ ಒಂದು ಅಂಗುಲವನ್ನು 5 ಮಿಲಿಮೀಟರ್ ಚೌಕಕ್ಕೆ ಇಳಿಸಿದರೆ ಅದು ನಾಲ್ಕು ಅಂಗುಲದಷ್ಟು ನೀಳವಾಗುತ್ತದೆ. ದುಂಡನೆಯ ಮೊನೆ ಬೇಕಾದಾಗಲೂ ಮೊದಲು ನಾಲ್ಕು ಮೂಲೆ, ಬಳಿಕ ಎಂಟು ಮೂಲೆ, ಕಡೆಗೆ ದುಂಡು ಎಂಬ ಕ್ರಮವನ್ನೇ ಅನುಸರಿಸಬೇಕು. ನೇರವಾಗಿ ದುಂಡಾಗಿಸಲು ಹೊರಟರೆ ಒಳಗೆ ಬಿರುಕು ಹುಟ್ಟುತ್ತದೆ. ಮೊನೆ ತೆಗೆದ ಸರಳನ್ನು ಬಾಗಿಸಿ ಗೋಡೆಗೊಂದು ಕೊಕ್ಕೆ ಮಾಡುವುದು ಪ್ರಥಮಾಭ್ಯಾಸಕ್ಕೆ ಉಚಿತವಾದುದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕುಡಗೋಲು ಮಾಡುವ ಕಾರ್ಯವು ಮುಂದಿನ ಮೆಟ್ಟಿಲು; ಆ ಉಕ್ಕನ್ನು ಕಾಯಿಸಿ ಅದ್ದಿ ಗಡಸುಗೊಳಿಸಿ, ಮತ್ತೆ ಮೆಲ್ಲನೆ ಬಿಸಿಮಾಡಿ ಅಲಗಿಗೆ ಹದವೀಯುವುದನ್ನು ಅನುಭವಿಯ ಬಳಿಯಲ್ಲಿ ನಿಂತೇ ಕಲಿಯಬೇಕು.

ಕುಲುಮೆ ಹೂಡಲು ಅನುಕೂಲವಿಲ್ಲದವರು ತಾಮ್ರದ ತಗಡಿನಿಂದ ತೊಡಗಬಹುದು. ಜಾಲಿಯ ದಿಮ್ಮಿಯಲ್ಲಿ ಒಂದು ಕುಳಿ ಕೊರೆದು, ಸುಮಾರು ಒಂದು ಮಿಲಿಮೀಟರ್ ದಪ್ಪದ ದುಂಡುತಗಡನ್ನು ಅದರ ಮೇಲಿಟ್ಟು, ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಕೊಡತಿಯಿಂದ ಬಡಿಯುತ್ತ ಬಂದರೆ ಬಟ್ಟಲಿನ ಆಕಾರವು ಮೂಡುತ್ತದೆ. ಅಂಚಿನಲ್ಲಿ ಸುಕ್ಕು ಕಾಣಿಸಿದೊಡನೆ ಅದನ್ನು ಬಡಿದು ಸಮಮಾಡಬೇಕು. ಸುಕ್ಕು ಮಡಿಕೆಯಾದರೆ ತಗಡು ಸೀಳುತ್ತದೆ. ಪೆಟ್ಟು ತಿಂದಷ್ಟೂ ತಾಮ್ರವು ಗಡಸಾಗುವುದರಿಂದ, ಅದು ಕೈಗೆ ಮಣಿಯದಾದಾಗ ಮಂಕುಗೆಂಪಿಗೆ ಕಾಯಿಸಿ ನೀರಿನಲ್ಲಿ ಅದ್ದಬೇಕು. ಇಂತಹ ಅದ್ದುವಿಕೆಯಿಂದ ಕುಡಗೋಲಿನ ಉಕ್ಕು ಗಡಸಾದರೆ ತಾಮ್ರವು ಮೃದುವಾಗಿಯೇ ಉಳಿಯುತ್ತದೆ; ಲೋಹಗಳ ಸ್ವಭಾವಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನವು ದುರ್ಲಭ. ಕಪ್ಪಾದ ಮೈಯನ್ನು ತೊಳೆಯಲು ಮನೆಯ ಹುಣಸೆಹಣ್ಣೇ ಸಾಕು.

ಎಚ್ಚರಿಕೆಯಂತೂ ವಿದ್ಯೆಯ ಅವಿಭಾಜ್ಯ ಅಂಗ. ಸತುವಿನ ಲೇಪವುಳ್ಳ ತಗಡನ್ನೂ ಕೊಳವೆಯನ್ನೂ ಎಂದಿಗೂ ಕುಲುಮೆಗೆ ಇಡಬಾರದು. ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ. ಎರಡೂ ತುದಿ ಮುಚ್ಚಿದ ಕೊಳವೆಯು ಕಾದಾಗ ಸಿಡಿಯಬಹುದು. ಇದ್ದಿಲನ್ನು ಗಾಳಿಯಾಡುವ ಕಡೆಯಲ್ಲಿಯೇ ಉರಿಸಬೇಕು. ನೂಲಿನ ಬಟ್ಟೆಯನ್ನೂ ಗಟ್ಟಿಯಾದ ಪಾದರಕ್ಷೆಯನ್ನೂ ರಕ್ಷಣೆಯ ಕನ್ನಡಕವನ್ನೂ ಧರಿಸಬೇಕು. ಕೆಂಪು ಆರಿದ ಕಬ್ಬಿಣವೂ ಬಹುಹೊತ್ತು ಕೈಯನ್ನು ಸುಡಬಲ್ಲುದೆಂಬುದನ್ನು ಮರೆಯಬಾರದು.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರವು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದ್ದು, ಕಸುಬಿನವರಿಗೆ ತರಬೇತಿಯನ್ನೂ ಉಪಕರಣಗಳಿಗಾಗಿ 15,000 ರೂಪಾಯಿಯವರೆಗಿನ ನೆರವನ್ನೂ ಅದು ಒದಗಿಸುತ್ತದೆ. ಆದರೆ ಕಣ್ಣಿಗೆ ಬೇಕಾದ ಶಿಕ್ಷಣವು ಅನುಭವಿಯ ಸನ್ನಿಧಿಯಲ್ಲಿಯೇ ದೊರೆಯತಕ್ಕದ್ದು. ಆದುದರಿಂದ ಮನೆಯಲ್ಲಿ ಕುಲುಮೆ ಹೂಡಲು ಬಯಸುವ ತರುಣ ತರುಣಿಯರು, ಮುಂಗಾರಿಗೆ ಮುನ್ನ ತಮ್ಮ ಊರಿನ ಅಥವಾ ನೆರೆಯೂರಿನ ಕಂಬಾರಸಾಲೆಗೆ ಹೋಗಿ, ಹಿರಿಯರ ಅಪ್ಪಣೆ ಪಡೆದು, ಕೆಲವು ದಿನ ತಿದಿಯೊತ್ತುತ್ತ ಕಾವಿನ ಬಣ್ಣಗಳನ್ನು ನೋಡಿ ಕಲಿಯಲಿ; ಸುತ್ತಿಗೆಯನ್ನು ಕೊಳ್ಳುವುದು ಆಮೇಲಿನ ಮಾತು.